ಹಾಕಿಸಿದ್ದು 33 ಡಾಲರ್ ಪೆಟ್ರೋಲ್, ಹಿಡಿದಿಟ್ಟದ್ದು 175 ಡಾಲರ್: ಉಳಿದ ದುಡ್ಡು ಎಲ್ಲಿದೆ?

ಪ್ರಶ್ನೆ: ನಮ್ಮ ಮಗ ಎಂ.ಎಸ್. ಓದಲು ಅಮೆರಿಕದ ಟೆಕ್ಸಾಸ್‌ಗೆ ಹೋಗಿದ್ದಾನೆ. ಖರ್ಚಿಗೆಂದು ಇಲ್ಲಿಯ ಬ್ಯಾಂಕಿನಲ್ಲಿ ಡಾಲರ್ ತುಂಬಿಸಿದ ಫಾರೆಕ್ಸ್ ಕಾರ್ಡ್ ಕೊಟ್ಟು ಕಳಿಸಿದ್ದೇವೆ. ಅದರ ಮೆಸೇಜುಗಳು ನನ್ನ ಮೊಬೈಲಿಗೇ ಬರುತ್ತವೆ. ಮೊನ್ನೆ ಬೆಳಗಿನ ಜಾವ ಮೂರು ಗಂಟೆಗೆ ಪೆಟ್ರೋಲ್ ಬಂಕೊಂದರ ಹೆಸರಿನಲ್ಲಿ 175 ಡಾಲರ್ ಹೋಗಿದೆ ಎಂದು ಮೆಸೇಜ್ ಬಂತು. ಗಾಬರಿಯಾಗಿ ಫೋನ್ ಮಾಡಿದೆ. ‘ಗೆಳೆಯನ ಕಾರಿಗೆ 33 ಡಾಲರ್ ಪೆಟ್ರೋಲ್ ಹಾಕಿಸಿದೆ ಅಷ್ಟೇ’ ಅಂದ. ಆ ಸಂಜೆಯೇ ದಿನಸಿ ಅಂಗಡಿಯಲ್ಲಿ 48 ಡಾಲರ್ ಸಾಮಾನಿಗೆ ಕಾರ್ಡ್ ಕೊಟ್ಟರೆ ನಡೆಯಲಿಲ್ಲವಂತೆ. ಕಾರ್ಡಿನಲ್ಲಿ 210 ಡಾಲರ್ ಇತ್ತು. ಬಂಕಿನವರು ಮೋಸ ಮಾಡಿದರೇ? ಉಳಿದ ದುಡ್ಡು ವಾಪಸ್ ಬರುತ್ತದೆಯೇ? ಬರುವುದಾದರೆ ಯಾವಾಗ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಗಾಬರಿ ಕಳೆಯಲಿ. ನೀವು ಹೇಳಿದ್ದನ್ನು ನೋಡಿದರೆ ಇಲ್ಲಿ ಮೋಸ ನಡೆದಂತಿಲ್ಲ. 175 ಡಾಲರ್ ಬಂಕಿನವರ ಕೈಸೇರಿಲ್ಲ. ಆ ಹಣ ಈಗಲೂ ಮಗನ ಕಾರ್ಡಿನ ಲೆಕ್ಕದಲ್ಲೇ ಇದೆ, ಬ್ಯಾಂಕು ಮಾತ್ರ ಅದನ್ನು ಯಾರೂ ಮುಟ್ಟದಂತೆ ತಡೆಹಿಡಿದಿದೆ. ಇದನ್ನು ಹೋಲ್ಡ್ ಎನ್ನುತ್ತಾರೆ. ಬಂಕಿನಿಂದ ನಿಜವಾದ ಬಿಲ್ಲು ಬಂದ ಮೇಲೆ ಬ್ಯಾಂಕು 33 ಡಾಲರ್ ಮುರಿದುಕೊಂಡು ಉಳಿದ 142 ಡಾಲರನ್ನು ಬಿಟ್ಟುಕೊಡುತ್ತದೆ. ದಿನಸಿ ಅಂಗಡಿಯಲ್ಲಿ ಕಾರ್ಡ್ ನಡೆಯದೆ ಹೋದದ್ದಕ್ಕೂ ಇದೇ ಕಾರಣ. 210ರಲ್ಲಿ 175 ತಡೆಹಿಡಿದ ಮೇಲೆ ಖರ್ಚಿಗೆ ಸಿಗುವುದು 35 ಡಾಲರ್. 48 ಡಾಲರಿನ ಸಾಮಾನಿಗೆ ಅದು ಸಾಲದು.

ಆದರೆ ‘ದುಡ್ಡು ಎಲ್ಲೂ ಹೋಗಿಲ್ಲ ಬಿಡಿ’ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಪರವೂರಿನಲ್ಲಿ ಓದುವ ಹುಡುಗನಿಗೆ ಲೆಕ್ಕದಲ್ಲಿ ಇದ್ದೂ ಕೈಗೆ ಸಿಗದ ದುಡ್ಡು ಆ ಹೊತ್ತಿಗೆ ಇಲ್ಲದ ದುಡ್ಡೇ. ಹೀಗಾಗಿ ಈ ಹೋಲ್ಡ್ ಏಕೆ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಅದರಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಪಂಪಿಗೆ ಮೊತ್ತ ಗೊತ್ತಿಲ್ಲ

ನಮ್ಮ ಬಂಕಿನಲ್ಲಿ ನಡೆಯುವುದನ್ನು ನೆನಪಿಸಿಕೊಳ್ಳಿ. ಗಾಡಿ ನಿಲ್ಲಿಸಿದ ಕೂಡಲೇ ಹುಡುಗ ಬರುತ್ತಾನೆ. ‘ಝೀರೋ ನೋಡ್ಕೊಳ್ಳಿ ಸಾರ್’ ಎನ್ನುತ್ತಾನೆ, ಹೇಳಿದಷ್ಟು ಹಾಕುತ್ತಾನೆ, ಆಮೇಲೆ ಸ್ವೈಪ್ ಮೆಷಿನ್ನೋ ಕ್ಯೂಆರ್ ಕೋಡೋ ಮುಂದೆ ಹಿಡಿಯುತ್ತಾನೆ. ಪೆಟ್ರೋಲ್ ಮೊದಲು, ದುಡ್ಡು ಆಮೇಲೆ. ಮೆಷಿನ್ನಿಗೆ ಒತ್ತುವ ಹೊತ್ತಿಗೆ ಎಷ್ಟು ರೂಪಾಯಿ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಅಷ್ಟೇ ಮೊತ್ತ ಹೋಗುತ್ತದೆ, ವಿಷಯ ಅಲ್ಲಿಗೆ ಮುಗಿಯಿತು.

ಅಮೆರಿಕದಲ್ಲಿ ಈ ಕ್ರಮವೇ ತಿರುಗುಮುರುಗು. ನ್ಯೂಜೆರ್ಸಿ ಒಂದನ್ನು ಬಿಟ್ಟರೆ ಎಲ್ಲ ಕಡೆಯೂ ಪೆಟ್ರೋಲನ್ನು ನಾವೇ ಹಾಕಿಕೊಳ್ಳಬಹುದು. ನ್ಯೂಜೆರ್ಸಿಯಲ್ಲಿ ಮಾತ್ರ 1949ರ ಕಾನೂನು ಇಂದಿಗೂ ಜಾರಿಯಲ್ಲಿದ್ದು, ಬಂಕಿನ ಕೆಲಸಗಾರರೇ ಹಾಕಬೇಕು. ಉಳಿದೆಡೆ ಸಾಮಾನ್ಯವಾಗಿ ಪಂಪಿನ ಹತ್ತಿರ ಯಾರೂ ಇರುವುದಿಲ್ಲ. ಪಂಪಿನ ಪರದೆಯೇ ಒಂದೊಂದಾಗಿ ಹೇಳುತ್ತಾ ಹೋಗುತ್ತದೆ: ಕಾರ್ಡ್ ಹಾಕಿ, ಕ್ರೆಡಿಟ್ಟೋ ಡೆಬಿಟ್ಟೋ ಹೇಳಿ, ಜಿಪ್ ಕೋಡ್ ಒತ್ತಿ, ನಾಜಲ್ ಎತ್ತಿ, 87, 89, 93ರಲ್ಲಿ ಯಾವ ಆಕ್ಟೇನ್ ಬೇಕೋ ಆ ಗುಂಡಿ ಒತ್ತಿ. ಇದೆಲ್ಲ ಆದ ಮೇಲೆಯೇ ಒಂದು ಹನಿ ಪೆಟ್ರೋಲ್ ಬರುವುದು.

ಕಾರ್ಡ್ ಹಾಕಿದ ಆ ಕ್ಷಣದಲ್ಲಿ ನೀವು ಹತ್ತು ಡಾಲರಿನಷ್ಟು ಹಾಕಿಕೊಳ್ಳುತ್ತೀರೋ ಟ್ಯಾಂಕ್ ಪೂರ್ತಿ ತುಂಬಿಸುತ್ತೀರೋ ಎಂಬುದು ಪಂಪಿಗೆ ತಿಳಿಯದು. ಅದು ತಿಳಿಯುವುದು ನಾಜಲನ್ನು ವಾಪಸ್ ಅದರ ಜಾಗಕ್ಕೆ ಇಟ್ಟಾಗಲೇ. ಅಷ್ಟರಲ್ಲಿ ಪೆಟ್ರೋಲ್ ಟ್ಯಾಂಕ್ ಸೇರಿರುತ್ತದೆ, ಸೇರಿದ್ದನ್ನು ಹೊರಗೆ ತೆಗೆದು ವಾಪಸ್ ಪಡೆಯುವಂತಿಲ್ಲ. ಕಾರ್ಡಿನಲ್ಲಿ ಐದೇ ಡಾಲರ್ ಇಟ್ಟುಕೊಂಡು ಐವತ್ತು ಡಾಲರಿನ ಪೆಟ್ರೋಲ್ ತುಂಬಿಸಿಕೊಂಡು ಹೊರಟುಹೋದರೆ ನಷ್ಟ ಯಾರದ್ದು? ಈ ಭಯಕ್ಕೆ ಕಂಡುಕೊಂಡ ಪರಿಹಾರವೇ ಹೋಲ್ಡ್. ಬಂಕು ಮೊದಲೇ ನಿಮ್ಮ ಬ್ಯಾಂಕನ್ನು ಕೇಳುತ್ತದೆ: ‘ಇವರು ಹೆಚ್ಚೆಂದರೆ ಇಷ್ಟರ ಪೆಟ್ರೋಲ್ ಹಾಕಿಕೊಳ್ಳಬಹುದು. ಅಷ್ಟು ಹಣ ಇದೆಯೇ? ಇದ್ದರೆ ನನಗಾಗಿ ತೆಗೆದಿಡುತ್ತೀಯಾ?’ ಬ್ಯಾಂಕು ಹೂಂ ಎಂದರೆ ಮಾತ್ರ ಪಂಪು ಚಾಲೂ ಆಗುತ್ತದೆ. ಒಪ್ಪಿಗೆ ಸಿಕ್ಕಷ್ಟು ಮೊತ್ತ ಮುಟ್ಟಿದರೆ ಪಂಪು ತಾನಾಗಿಯೇ ನಿಂತುಬಿಡುತ್ತದೆ.

ಕಾರ್ಡಿನ ವ್ಯವಹಾರ ನಮಗೆ ಒಂದೇ ಏಟಿಗೆ ಮುಗಿದಂತೆ ಕಾಣುತ್ತದೆ. ಒಳಗೆ ನಡೆಯುವುದು ಎರಡು ಕೆಲಸ. ಮೊದಲನೆಯದು ಅನುಮತಿ, ಎರಡನೆಯದು ವಸೂಲಿ. ಕಿರಾಣಿ ಅಂಗಡಿಯಲ್ಲಿ ಎರಡರ ಮೊತ್ತವೂ ಒಂದೇ ಆಗಿರುವುದರಿಂದ ನಡುವಿನ ಅಂತರ ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲ್ ಪಂಪಿನಲ್ಲಿ ಮೊದಲನೆಯದು ಅಂದಾಜು, ಎರಡನೆಯದು ನಿಜ. ಅಂದಾಜಿನ ಮೆಸೇಜು ನಿಮಗೆ ತಕ್ಷಣ ಬಂತು, ನಿಜದ ಬಿಲ್ಲು ಹಿಂದಿನಿಂದ ಬರುತ್ತದೆ. ನಿಮ್ಮನ್ನು ನಿದ್ದೆಯಿಂದ ಎಬ್ಬಿಸಿದ್ದು ಈ ನಡುವಿನ ಹೊತ್ತು.

ಷೇರು ಪೇಟೆಯ ಪರಿಚಯ ಇರುವವರಿಗೆ ಇದು ಹೊಸದಲ್ಲ. ಕಂಪನಿಯೊಂದರ ಐಪಿಒಗೆ ಅರ್ಜಿ ಹಾಕಿದಾಗ ನಮ್ಮ ಉಳಿತಾಯ ಖಾತೆಯಲ್ಲಿ ಹಣ ಬ್ಲಾಕ್ ಆಗುತ್ತದಲ್ಲ, ಅದೇ ರೀತಿ. ಸೆಬಿ 2008ರಲ್ಲಿ ತಂದ ಅಸ್ಬಾ ವ್ಯವಸ್ಥೆಯಲ್ಲಿ ಹಣ ಖಾತೆಯಲ್ಲೇ ಇರುತ್ತದೆ, ಅದಕ್ಕೆ ಬಡ್ಡಿಯೂ ಸಿಗುತ್ತದೆ, ಆದರೆ ತೆಗೆಯಲು ಬರುವುದಿಲ್ಲ. ಷೇರು ಸಿಕ್ಕರೆ ಸಿಕ್ಕಷ್ಟಕ್ಕೆ ಮಾತ್ರ ಹಣ ಹೋಗುತ್ತದೆ, ಉಳಿದದ್ದು ಬಿಡುಗಡೆಯಾಗುತ್ತದೆ. ವ್ಯತ್ಯಾಸ ಒಂದೇ. ಐಪಿಒಗೆ ಎಷ್ಟು ಬ್ಲಾಕ್ ಆಗಬೇಕೆಂದು ನಾವೇ ಒಪ್ಪಿ ಸಹಿ ಹಾಕಿರುತ್ತೇವೆ. ಪೆಟ್ರೋಲ್ ಪಂಪಿನಲ್ಲಿ ಎಷ್ಟು ತಡೆಹಿಡಿಯುತ್ತಾರೆಂದು ಬಹಳ ಸಲ ನಮಗೆ ಹೇಳುವವರೇ ಇಲ್ಲ. ಪಂಪಿನ ಮೇಲೆ ಸಣ್ಣ ಅಕ್ಷರದ ಚೀಟಿ ಅಂಟಿಸಿರುವುದುಂಟು, ಅವಸರದಲ್ಲಿ ಅದನ್ನು ಓದುವವರು ಯಾರು?

175 ಎಂಬ ಲೆಕ್ಕ ಎಲ್ಲಿಂದ ಬಂತು?

ಎಲ್ಲ ಬಂಕಿನಲ್ಲೂ ಇಷ್ಟೇ ಮೊತ್ತ ಹಿಡಿಯುವುದಿಲ್ಲ. ಒಂದು ಕಡೆ 1 ಡಾಲರ್, ಇನ್ನೊಂದು ಕಡೆ 50, ಮತ್ತೊಂದು ಕಡೆ 100 ಅಥವಾ 125. ಬಂಕು ಎಷ್ಟು ಕೇಳಬೇಕೆಂದು ಬಂಕಿನವರೇ ತೀರ್ಮಾನಿಸುತ್ತಾರೆ. ಅದಕ್ಕೆ ಮೇಲ್ಮಿತಿ ಹಾಕುವವರು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದವರು. ಹಿಡಿದದ್ದನ್ನು ಯಾವಾಗ ಬಿಡಬೇಕೆಂಬುದು ಕಾರ್ಡ್ ಕೊಟ್ಟ ಬ್ಯಾಂಕಿನ ಕೈಯಲ್ಲಿದೆ. ಮೂವರ ಕೈ ಸೇರಿರುವುದರಿಂದಲೇ ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಮೇಲ್ಮಿತಿ ಮೊದಲು 125 ಡಾಲರ್ ಇತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದಲ್ಲಿ ಪೆಟ್ರೋಲ್ ಬೆಲೆ ಗಗನಕ್ಕೇರಿತು. ಆ ವರ್ಷ ಜೂನ್ ಮಧ್ಯದಲ್ಲಿ ದೇಶದ ಸರಾಸರಿ ಬೆಲೆ ಗ್ಯಾಲನ್‌ಗೆ 5 ಡಾಲರ್ ದಾಟಿತು, ಅದಕ್ಕೂ ಮೊದಲು ಅಷ್ಟು ಎಂದೂ ಆಗಿರಲಿಲ್ಲ. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಅಲ್ಲಿಯ ಜನ ಇಷ್ಟಪಡುವ ದೊಡ್ಡ ಪಿಕಪ್ ಟ್ರಕ್ಕುಗಳಲ್ಲಿ 26 ಗ್ಯಾಲನ್ ಹಿಡಿಯುವ ಟ್ಯಾಂಕ್ ಸಾಮಾನ್ಯ, ಅದಕ್ಕಿಂತ ದೊಡ್ಡವೂ ಇವೆ. 26 ಗ್ಯಾಲನ್‌ಗೆ 5 ಡಾಲರಿನಂತೆ 130 ಡಾಲರ್ ಆಯಿತು. 125ಕ್ಕೆ ಪಂಪು ನಿಂತುಹೋಗಿ ಟ್ಯಾಂಕು ತುಂಬುತ್ತಿರಲಿಲ್ಲ. ಆಗ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಮಿತಿಯನ್ನು 175ಕ್ಕೆ ಏರಿಸಿದವು. ಬೆಲೆ ಆಮೇಲೆ ಇಳಿಯಿತು. ಆದರೆ ನಿಮ್ಮ ಮಗ ಹೋದ ಬಂಕು ಇಂದಿಗೂ ಆ ದೊಡ್ಡ ಮೊತ್ತವನ್ನೇ ಕೇಳುತ್ತಿದೆ. ಗ್ಯಾಲನ್‌ಗೆ 3 ಡಾಲರಿನಂತೆ 11 ಗ್ಯಾಲನ್, ಅಂದರೆ 33 ಡಾಲರಿನಲ್ಲಿ ಗೆಳೆಯನ ಸಣ್ಣ ಕಾರಿನ ಹೊಟ್ಟೆ ತುಂಬಿತು. ಹಿಡಿದ ಮೊತ್ತ ಮಾತ್ರ ಪಿಕಪ್ ಟ್ರಕ್ಕಿನದ್ದು.

1 ಡಾಲರಿನ ಹೋಲ್ಡ್ ಬಗ್ಗೆಯೂ ಒಂದು ಮಾತು. ಕೆಲವು ಬಂಕುಗಳು 1 ಡಾಲರ್ ಮಾತ್ರ ಕೇಳುತ್ತವೆ. ಕಾರ್ಡ್ ಜೀವಂತ ಇದೆಯೇ, ಕಳವಾದದ್ದೇನಾದರೂ ಇರಬಹುದೇ ಎಂದು ನೋಡುವುದಕ್ಕೆ ಅದು ಸಾಕು. ಹಾಗೆ ಕೇಳಿದಾಗ ಮೆಸೇಜಿನಲ್ಲಿ ‘1 ಡಾಲರ್’ ಎಂದೇ ಬರುತ್ತದೆ, ಎರಡು ಮೂರು ದಿನದ ಮೇಲೆ 33 ಡಾಲರ್ ಮುರಿಯುತ್ತದೆ. ಇದನ್ನು ನೋಡಿ ಮೊದಲ ಸಲ ಬೆಚ್ಚುವವರೂ ಇದ್ದಾರೆ. ಬಂಕು 1 ಡಾಲರ್ ಕೇಳಿದರೂ, ಬರಲಿರುವ ಬಿಲ್ಲನ್ನು ಅಂದಾಜು ಮಾಡಿ ಕೆಲವು ಬ್ಯಾಂಕುಗಳು ತಾವೇ ದೊಡ್ಡ ಮೊತ್ತ ತಡೆಹಿಡಿಯುತ್ತವೆ. ವ್ಯವಹಾರ ನಡೆದದ್ದು ಪೆಟ್ರೋಲ್ ಪಂಪಿನಲ್ಲಿ ಎಂದು ಬ್ಯಾಂಕಿಗೆ ಗೊತ್ತಾಗುವುದು ಒಂದು ಸಂಕೇತದಿಂದ. ಪ್ರತಿ ಬಗೆಯ ವ್ಯಾಪಾರಕ್ಕೂ ನಾಲ್ಕಂಕಿಯ ಸಂಖ್ಯೆ ಇದೆ. ನಾವೇ ಕಾರ್ಡ್ ಹಾಕುವ ಪಂಪಿಗೆ 5542, ಬಂಕಿನ ಒಳಗಿನ ಕೌಂಟರಿಗೆ 5541. ಈ ಎರಡು ಸಂಖ್ಯೆಗಳ ನಡುವೆಯೇ ನಿಮ್ಮ ಸಮಸ್ಯೆಯ ಪರಿಹಾರವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಎಷ್ಟು ಹೊತ್ತಿಗೆ ಬಿಡುತ್ತಾರೆ?

ದೊಡ್ಡ ಮೊತ್ತ ಹಿಡಿಯುವ ಬಂಕುಗಳು ನಿಜವಾದ ಬಿಲ್ಲನ್ನು ಎರಡು ಗಂಟೆಯೊಳಗೆ ಕಳಿಸಬೇಕೆಂಬುದು ವೀಸಾ ಹೇಳುವ ಕ್ರಮ. ಎಲ್ಲವೂ ಸರಿಯಾಗಿ ನಡೆದರೆ ಸಂಜೆ ಹಾಕಿಸಿದ್ದರ ಹೋಲ್ಡ್ ರಾತ್ರಿಯೊಳಗೆ ಸಡಿಲವಾಗುತ್ತದೆ. ಆದರೆ ಬಿಲ್ಲು ತಲುಪಿದ್ದನ್ನು ಹಳೆಯ ಹೋಲ್ಡಿನ ಜೊತೆ ತಾಳೆ ನೋಡಿ ಬಿಡುಗಡೆ ಮಾಡುವುದು ಬ್ಯಾಂಕಿನ ಕೆಲಸ. ಅದಕ್ಕೆ ಒಂದೆರಡು ದಿನ, ವಾರಾಂತ್ಯವೋ ರಜೆಯೋ ಬಂದರೆ ಮೂರು ನಾಲ್ಕು ದಿನ ಹಿಡಿಯುವುದುಂಟು. ತಾಳೆ ಆಗುವವರೆಗೆ ಕೆಲವೊಮ್ಮೆ 175ರ ಹೋಲ್ಡ್ ಮತ್ತು 33ರ ಬಿಲ್ಲು ಎರಡೂ ಸಾಲುಗಳು ಆ್ಯಪ್‌ನಲ್ಲಿ ಒಟ್ಟಿಗೇ ಕಾಣುತ್ತವೆ. ಎರಡು ಸಲ ಮುರಿದರು ಎಂದು ಹೆದರಬೇಡಿ. ‘ಪೆಂಡಿಂಗ್’ ಎಂದು ಬರೆದಿದ್ದು ಹೋಲ್ಡ್, ಅದು ಉದುರಿಹೋಗುತ್ತದೆ. ‘ಪೋಸ್ಟೆಡ್’ ಎಂದು ಬರೆದದ್ದು ಮಾತ್ರ ನಿಜವಾಗಿ ಹೋದ ಹಣ.

ಇದರ ಬಿಸಿ ಯಾರಿಗೆ ಎಷ್ಟು ತಟ್ಟುತ್ತದೆ ಎಂಬುದು ಕಾರ್ಡಿನ ಜಾತಿಯ ಮೇಲೆ ಹೋಗುತ್ತದೆ.

ಕ್ರೆಡಿಟ್ ಕಾರ್ಡ್ ಇದ್ದವರಿಗೆ ಹೋಲ್ಡ್ ಬಹುತೇಕ ಗೊತ್ತೇ ಆಗುವುದಿಲ್ಲ. ಅವರ ಲಿಮಿಟ್‌ನಲ್ಲಿ 175 ಡಾಲರ್ ಕೆಲ ಹೊತ್ತು ಕಡಿಮೆ ಕಾಣುತ್ತದೆ. ಕೈಯಿಂದ ದುಡ್ಡು ಹೋಗಿಲ್ಲ, ಹೋಲ್ಡಿಗೆ ಬಡ್ಡಿ ಬೀಳುವುದಿಲ್ಲ, ತಿಂಗಳ ಬಿಲ್ಲಿನಲ್ಲಿ ಬರುವುದು 33 ಮಾತ್ರ. ಆದರೆ ಹೊಸದಾಗಿ ಹೋದ ವಿದ್ಯಾರ್ಥಿಗಳಿಗೆ ಸಿಗುವ ಕಾರ್ಡುಗಳ ಲಿಮಿಟ್ ಕೆಲವೊಮ್ಮೆ 300 ಅಥವಾ 500 ಡಾಲರ್ ಅಷ್ಟೇ. ಅಂಥ ಕಾರ್ಡಿನಲ್ಲಿ ಒಂದು ಹೋಲ್ಡ್ ಬಿದ್ದರೆ ಮೂರರಲ್ಲೊಂದು ಭಾಗವೋ ಅರ್ಧವೋ ಕಟ್ಟಿಹಾಕಿದಂತೆ.

ಡೆಬಿಟ್ ಕಾರ್ಡಿನಲ್ಲಿ ಪೆಟ್ಟು ನೇರ ಖಾತೆಗೇ ಬೀಳುತ್ತದೆ. ಖಾತೆಯಲ್ಲಿ 200 ಡಾಲರ್ ಇದ್ದು 175 ತಡೆಹಿಡಿದ ದಿನವೇ ಫೋನ್ ಬಿಲ್ಲೋ ಮನೆ ಬಾಡಿಗೆಯೋ ತಾನಾಗಿ ಮುರಿಯುವಂತೆ ಹೇಳಿದ್ದರೆ ಅದು ವಾಪಸ್ ಹೋಗಬಹುದು, ಅದಕ್ಕೆ ಬ್ಯಾಂಕು ದಂಡ ಹಾಕಬಹುದು. ನಮ್ಮಲ್ಲಿ ಚೆಕ್ ಬೌನ್ಸ್ ಆದರೆ ಹೇಗೋ ಹಾಗೆ. ಅಂಗಡಿಯಲ್ಲಿ ಡೆಬಿಟ್ ಕಾರ್ಡ್ ಉಜ್ಜಿದಾಗ ಹಣ ಸಾಲದಿದ್ದರೂ ನಡೆಸಿಕೊಟ್ಟು ದಂಡ ಹಾಕಲು ಗ್ರಾಹಕರ ಒಪ್ಪಿಗೆ ಮೊದಲೇ ಪಡೆದಿರಬೇಕೆಂದು ಅಮೆರಿಕದಲ್ಲಿ 2010ರಿಂದ ನಿಯಮವಿದೆ. ಆದರೆ ಆ ರಕ್ಷಣೆ ಚೆಕ್ಕಿಗೂ ತಾನಾಗಿ ಮುರಿಯುವ ಬಿಲ್ಲುಗಳಿಗೂ ಇಲ್ಲ. ಮಗ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ಇದನ್ನು ಅವನು ನೆನಪಿಡಬೇಕು. ಡೆಬಿಟ್ ಕಾರ್ಡನ್ನು ಪಂಪಿನಲ್ಲಿ ಬಳಸಲೇಬೇಕಾದರೆ ‘ಡೆಬಿಟ್’ ಒತ್ತಿ ಪಿನ್ ಹಾಕುವುದು ಮೇಲು. ಆ ದಾರಿಯಲ್ಲಿ ಹೋಲ್ಡ್ ಸಾಮಾನ್ಯವಾಗಿ ಬೇಗ ಬಿಡುತ್ತದೆ.

ಎಲ್ಲಕ್ಕಿಂತ ಕಷ್ಟ ನಿಮ್ಮ ಮಗನ ಬಳಿ ಇರುವಂಥ ಫಾರೆಕ್ಸ್ ಕಾರ್ಡಿನದ್ದು. ಅದು ಮೊದಲೇ ತುಂಬಿಸಿದ ಹಣದ ಕಾರ್ಡ್. ಹಿಂದೆ ಲಿಮಿಟ್ ಇಲ್ಲ, ಖಾತೆ ಇಲ್ಲ, ತುಂಬಿದಷ್ಟೇ ಗತಿ. ಅಮೆರಿಕದ ಬಂಕು, ಕಾರ್ಡ್ ಜಾಲ, ಭಾರತದ ಬ್ಯಾಂಕು, ಎರಡು ದೇಶದ ರಜೆಗಳು, ಹತ್ತಕ್ಕೂ ಹೆಚ್ಚು ಗಂಟೆಯ ಅಂತರ ಎಲ್ಲವನ್ನೂ ದಾಟಿ ಬಿಲ್ಲು ತಾಳೆ ಆಗಬೇಕು. ಇಲ್ಲಿಯ ಹಲವು ಬ್ಯಾಂಕುಗಳು ಹೋಟೆಲಿನ ಮುಂಗಡಕ್ಕೆ, ಬಾಡಿಗೆ ಕಾರಿನ ಡಿಪಾಸಿಟ್ಟಿಗೆ ಫಾರೆಕ್ಸ್ ಕಾರ್ಡ್ ಕೊಡಬೇಡಿ, ಕೊನೆಯ ಬಿಲ್ಲಿಗೆ ಮಾತ್ರ ಕೊಡಿ ಎಂದು ಎಚ್ಚರಿಸುವುದು ಇದಕ್ಕೇ. ಹಾಗೆ ಬ್ಲಾಕ್ ಆದದ್ದು ಬಿಡಲು 30 ದಿನದವರೆಗೂ ಆಗಬಹುದೆಂದು ಕೆಲವು ಬ್ಯಾಂಕುಗಳ ನಿಯಮಗಳಲ್ಲೇ ಬರೆದಿರುತ್ತದೆ. ಪೆಟ್ರೋಲ್ ಪಂಪೂ ಅದೇ ಸಾಲಿಗೆ ಸೇರುತ್ತದೆ. ಸಮಾಧಾನವೆಂದರೆ ಡಾಲರ್ ತುಂಬಿದ ಕಾರ್ಡಿನಲ್ಲಿ ಹಿಡಿಯುವುದೂ ಡಾಲರಿನಲ್ಲೇ, ಬಿಡುವುದೂ ಡಾಲರಿನಲ್ಲೇ. ರೂಪಾಯಿ ದರ ಏರಿಳಿದರೂ ಆ 142 ಡಾಲರಿಗೆ ನಷ್ಟವಿಲ್ಲ.

ಇಲ್ಲಿಯ ಬ್ಯಾಂಕಿನ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡನ್ನೇ ಅಲ್ಲಿ ಬಳಸುವವರಿಗೆ ಹಾಗಲ್ಲ. ಹೋಲ್ಡ್ ಬೀಳುವುದು ರೂಪಾಯಿಯಲ್ಲಿ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 175 ಡಾಲರ್ ಎಂದರೆ 14,875 ರೂಪಾಯಿ. ಮೊಬೈಲಿನಲ್ಲಿ ಈ ಸಂಖ್ಯೆ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅಂತಿಮ ಬಿಲ್ಲು ಬಂದ ದಿನದ ದರದಲ್ಲಿ 33 ಡಾಲರಿನ ರೂಪಾಯಿ ಮತ್ತು ವಿದೇಶಿ ವ್ಯವಹಾರದ ಶುಲ್ಕ ಮುರಿಯುತ್ತಾರೆ. ಶುಲ್ಕ ಬೀಳುವುದು 33ರ ಮೇಲೆ, 175ರ ಮೇಲೆ ಅಲ್ಲ.

ಹೋಲ್ಡ್ ಬೀಳದಂತೆ ಮಾಡುವುದು ಹೇಗೆ?

ದಾರಿ ಬಹಳ ಸುಲಭ: ಪಂಪಿಗೆ ಕಾರ್ಡ್ ಹಾಕದೆ ಒಳಗೆ ಹೋಗುವುದು. ಬಹುತೇಕ ಬಂಕುಗಳಲ್ಲಿ ಒಂದು ಪುಟ್ಟ ಅಂಗಡಿ ಇರುತ್ತದೆ, ಅಲ್ಲಿ ಕ್ಯಾಷಿಯರ್ ಇರುತ್ತಾರೆ. ಕಾರು ಯಾವ ಪಂಪಿನ ಮುಂದಿದೆ ಎಂದು ಸಂಖ್ಯೆ ನೋಡಿಕೊಂಡು ಒಳಗೆ ಹೋಗಿ, ‘ಥರ್ಟಿ ಡಾಲರ್ಸ್ ಆನ್ ಪಂಪ್ ಫೋರ್’ ಎಂದರೆ ಸಾಕು. ಕ್ಯಾಷಿಯರ್ ಕಾರ್ಡಿಗೆ 30 ಡಾಲರ್ ಮಾತ್ರ ಒತ್ತುತ್ತಾರೆ. ನಾಲ್ಕನೇ ಪಂಪು 30 ಡಾಲರಿಗೆ ಸರಿಯಾಗಿ ನಿಲ್ಲುತ್ತದೆ. ಮೊತ್ತ ಮೊದಲೇ ಗೊತ್ತಿರುವುದರಿಂದ ಅಂದಾಜಿನ ಹೋಲ್ಡಿಗೆ ಕಾರಣವೇ ಇಲ್ಲ. ಇದು ನಮ್ಮೂರಿನಲ್ಲಿ ‘ಐನೂರಕ್ಕೆ ಹಾಕಪ್ಪ’ ಎನ್ನುವ ಕ್ರಮವೇ, ದುಡ್ಡು ಮಾತ್ರ ಮೊದಲು. ನಗದು ಕೊಟ್ಟರೂ ಆಗುತ್ತದೆ. ಎಷ್ಟೋ ಬಂಕುಗಳು ನಗದಿಗೆ ಗ್ಯಾಲನ್‌ಗೆ ಕೆಲವು ಸೆಂಟ್ ಕಡಿಮೆ ಬೆಲೆಯನ್ನೇ ಬೋರ್ಡಿನಲ್ಲಿ ಬರೆದಿರುತ್ತವೆ.

ಹೀಗೆ ಹೋಗುವಾಗ ಒಂದು ಎಚ್ಚರ. ಟ್ಯಾಂಕಿಗೆ ಹಿಡಿಸುವಷ್ಟಕ್ಕಿಂತ ತುಸು ಕಡಿಮೆ ಮೊತ್ತವನ್ನೇ ಹೇಳಬೇಕು. ‘ಫುಲ್ ಮಾಡುತ್ತೇನೆ, ಕಾರ್ಡ್ ಇಟ್ಟುಕೊಳ್ಳಿ’ ಎಂದರೆ ಮತ್ತೆ ಅಂದಾಜಿನ ದಾರಿಗೇ ಬಂದಂತೆ. ನಗದು ಕೊಟ್ಟು ಪೆಟ್ರೋಲ್ ಕಡಿಮೆ ಹಿಡಿಸಿದರೆ ಬಾಕಿ ಚಿಲ್ಲರೆಗೆ ಒಳಗೆ ಹೋಗಿ ಕೇಳಬೇಕು.

ಭಾರತದ ಕಾರ್ಡಿರುವವರು ಒಳಗೆ ಹೋಗುವುದಕ್ಕೆ ಇನ್ನೂ ಒಂದು ಕಾರಣವಿದೆ. ಪಂಪು ಕೇಳುವ ಜಿಪ್ ಕೋಡ್ ಎಂದರೆ ಕಾರ್ಡಿನ ವಿಳಾಸದ ಐದಂಕಿಯ ಅಂಚೆ ಸಂಖ್ಯೆ. ಕಳವಾದ ಕಾರ್ಡನ್ನು ಬೇರೆಯವರು ಬಳಸದಂತೆ ನೋಡಿಕೊಳ್ಳಲು ಇದನ್ನು ಇಟ್ಟಿದ್ದಾರೆ. ನಮ್ಮ ಪಿನ್ ಕೋಡ್ ಆರಂಕಿಯದ್ದು. ಶಿವಮೊಗ್ಗದ 577201 ಅಲ್ಲಿ ಕೂರುವುದಿಲ್ಲ, ಹಾಸ್ಟೆಲಿನ ಜಿಪ್ ಕೋಡ್ ಹಾಕಿದರೆ ಬ್ಯಾಂಕಿನ ದಾಖಲೆಗೆ ಹೊಂದುವುದಿಲ್ಲ. ಪರದೆಯ ಮೇಲೆ ‘ಕ್ಯಾಷಿಯರನ್ನು ನೋಡಿ’ ಎಂದು ಬರುತ್ತದೆ. ಮಗ ಆವತ್ತು ಹೋದ ಪಂಪು ಬಹುಶಃ ಜಿಪ್ ಕೋಡ್ ಕೇಳಿರಲಿಕ್ಕಿಲ್ಲ. ಕೇಳುವ ಕಡೆ ಊಹೆಯ ಸಂಖ್ಯೆಗಳನ್ನು ಪದೇಪದೇ ಒತ್ತುತ್ತಾ ಹೋಗಬಾರದು, ಬ್ಯಾಂಕು ಅನುಮಾನಪಟ್ಟು ಕಾರ್ಡನ್ನೇ ನಿಲ್ಲಿಸಬಹುದು. ಅಲ್ಲಿಗೆ ಹೋಗಬೇಕೆಂದಿರುವ ಓದುಗರೂ ಒಂದು ವಿಷಯ ಗಮನಿಸಿ: 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶದ ಬಳಕೆ ಬಂದ್ ಆಗಿಯೇ ಬರುತ್ತದೆ. ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿಕೊಂಡೇ ವಿಮಾನ ಹತ್ತಬೇಕು.

ದುಡ್ಡು ಬಾರದಿದ್ದರೆ?

ಈಗ ನೀವು ಮಾಡಬೇಕಾದ್ದು. ಮೊದಲು ಫಾರೆಕ್ಸ್ ಕಾರ್ಡಿನ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಆ ಸಾಲು ಯಾವ ಸ್ಥಿತಿಯಲ್ಲಿದೆ ಎಂದು ನೋಡಿ. ಪಂಪು ಕೊಟ್ಟ ರಸೀದಿ ಮಗನ ಬಳಿ ಇದ್ದರೆ ಅದರ ಫೋಟೋ ತರಿಸಿಕೊಳ್ಳಿ. ಅದರಲ್ಲಿ ದಿನ, ಸಮಯ, ಪಂಪಿನ ಸಂಖ್ಯೆ, ಗ್ಯಾಲನ್, 33 ಡಾಲರಿನ ಮೊತ್ತ ಎಲ್ಲವೂ ಇರುತ್ತವೆ. ಬಂಕಿಗೆ ಹೋಗಿ ಜಗಳವಾಡುವುದರಿಂದ ಪ್ರಯೋಜನ ಕಡಿಮೆ. ಅವರು ತಮ್ಮ ಬಿಲ್ಲನ್ನು ಕಳಿಸಿಬಿಟ್ಟಿದ್ದರೆ ಅವರ ಕಡೆಯ ಕೆಲಸ ಮುಗಿದಿರುತ್ತದೆ.

33 ಡಾಲರ್ ಪೋಸ್ಟ್ ಆಗಿ, 175 ಇನ್ನೂ ಪೆಂಡಿಂಗ್ ಎಂದೇ ನಾಲ್ಕೈದು ದಿನ ಉಳಿದರೆ ಕಾರ್ಡಿನ ಹಿಂಬದಿಯ ಸಂಖ್ಯೆಗೆ ಫೋನ್ ಮಾಡಿ. ‘ಅಂತಿಮ ಬಿಲ್ಲು ಬಂದಿದೆ, ಹಳೆಯ ಅಥರೈಸೇಷನ್ ಬಿಡುಗಡೆ ಮಾಡಿ’ ಎಂದು ಕೇಳಿ. ಬರೇ ‘ದುಡ್ಡು ಹೋಯಿತು’ ಎಂದರೆ ಅವರು ಮೋಸದ ದೂರು ಎಂದುಕೊಂಡು ಕಾರ್ಡನ್ನೇ ಬ್ಲಾಕ್ ಮಾಡಿಬಿಡಬಹುದು. ಆಗ ಮಗನ ಕೈಯಲ್ಲಿ ಇರುವ 35 ಡಾಲರೂ ಸಿಕ್ಕಿಹಾಕಿಕೊಳ್ಳುತ್ತದೆ. ಫೋನ್ ಮಾಡಿದ ಮೇಲೆ ಇಮೇಲನ್ನೂ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನವಾದರೂ ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ನ್ಯಾಯವೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ನಿಜವಾದ ಅಪಾಯದ ಲಕ್ಷಣ ಬೇರೆ. 175 ಡಾಲರೇ ಪೋಸ್ಟ್ ಆದರೆ, ಅಥವಾ ರಸೀದಿಯ 33ಕ್ಕಿಂತ ಹೆಚ್ಚು ಮುರಿದರೆ, ಅಥವಾ ಮಗ ಹೋಗದೇ ಇರುವ ಊರಿನ ಹೆಸರು ಮೆಸೇಜಿನಲ್ಲಿ ಬಂದರೆ ಒಂದು ಕ್ಷಣವೂ ಕಾಯಬೇಡಿ, ಕೂಡಲೇ ಕಾರ್ಡ್ ನಿಲ್ಲಿಸಿ ಬರಹದಲ್ಲಿ ದೂರು ಕೊಡಿ. ಪಂಪಿನ ಕಾರ್ಡ್ ಸಂದಿಗೆ ಕಳ್ಳ ಯಂತ್ರ ಕೂರಿಸಿ ಕಾರ್ಡಿನ ವಿವರ ಕದಿಯುವುದು ಅಮೆರಿಕದಲ್ಲಿ ಹಳೆಯ ಪಿಡುಗು. ಚಿಪ್ ಓದದ ಹಳೆಯ ಪಂಪಿನಲ್ಲಿ ನಕಲಿ ಕಾರ್ಡು ನಡೆದರೆ ಅದರ ನಷ್ಟ ಬಂಕಿನದ್ದೇ ಎಂಬ ನಿಯಮವನ್ನು ಕಾರ್ಡ್ ಜಾಲಗಳು 2021ರ ಏಪ್ರಿಲ್‌ನಿಂದ ತಂದ ಮೇಲೆ ಪಂಪುಗಳು ಬದಲಾಗುತ್ತಾ ಬಂದಿವೆ. ಆದರೂ ಸಂದಿ ಅಲುಗಾಡುತ್ತಿದ್ದರೆ, ಪಂಪಿನ ಬಾಗಿಲಿಗೆ ಅಂಟಿಸಿದ ಮುದ್ರೆ ಹರಿದಿದ್ದರೆ ಆ ಪಂಪು ಬೇಡ.

ಬೇರೆ ಕಡೆಯೂ ಇದೆಯೇ?

ಇದೆ. ಬ್ರಿಟನ್ನಿನ ಸೂಪರ್ ಮಾರ್ಕೆಟ್ ಬಂಕುಗಳು ಮೊದಲು 1 ಪೌಂಡ್ ಕೇಳುತ್ತಿದ್ದವು, ಈಗ ಪಂಪಿನಲ್ಲೇ ಕಾರ್ಡ್ ಹಾಕಿದರೆ 100 ಪೌಂಡ್ ಅಥವಾ ಅದಕ್ಕೂ ಹೆಚ್ಚು ಹಿಡಿಯುವುದು ಸಾಮಾನ್ಯ. ಹೋಟೆಲ್, ಬಾಡಿಗೆ ಕಾರಿನವರು ಬಹಳಷ್ಟು ದೇಶಗಳಲ್ಲಿ ಹೋಲ್ಡ್ ಹಾಕುತ್ತಾರೆ. ಅಂತಿಮ ಬಿಲ್ಲು ಎಷ್ಟಾಗುತ್ತದೆಂದು ಮೊದಲೇ ಗೊತ್ತಿಲ್ಲದ ಎಲ್ಲ ಕಡೆಯೂ ಇದು ಬರಬಹುದೆಂದು ತಿಳಿದುಕೊಳ್ಳಿ. ನಮ್ಮ ರಾಜ್ಯದ ಪೆಟ್ರೋಲ್ ಬಂಕುಗಳಲ್ಲಿ ಮೊತ್ತ ಒತ್ತುವುದು ಪೆಟ್ರೋಲ್ ಹಾಕಿದ ಮೇಲೆಯೇ, ಹಾಗಾಗಿ ಈ ತೊಂದರೆ ಇಲ್ಲ. ಇಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಹಾಕಿಸಿದಾಗ ಸುಮಾರು ಶೇಕಡಾ 1ರಷ್ಟು ಹೆಚ್ಚಿಗೆ ಕಂಡು ಆಮೇಲೆ ವಾಪಸ್ ಬರುವುದು ಇಂಧನ ಸರ್‌ಚಾರ್ಜ್, ಅದು ಹೋಲ್ಡ್ ಅಲ್ಲ. ವಾಪಸ್ ಬರುವುದಕ್ಕೂ ಕಾರ್ಡಿನವರು ಹಾಕಿರುವ ಮೊತ್ತದ ಮಿತಿಯಿದೆ. ಹಲವು ಕಾರ್ಡುಗಳಲ್ಲಿ 400ರಿಂದ 5,000 ರೂಪಾಯಿವರೆಗಿನ ಬಿಲ್ಲಿಗೆ ಮಾತ್ರ ಅದು ಸಿಗುತ್ತದೆ. ಸರ್‌ಚಾರ್ಜಿನ ಮೇಲಿನ ಜಿಎಸ್‌ಟಿ ಮಾತ್ರ ವಾಪಸ್ ಬರುವುದಿಲ್ಲ.

ಕೊನೆಗೆ ನನ್ನ ಅಭಿಪ್ರಾಯವನ್ನೂ ಹೇಳಬೇಕು. ಪೆಟ್ರೋಲ್ ಹಾಕಿಕೊಂಡು ದುಡ್ಡು ಕೊಡದೆ ಹೋಗುವವರಿಂದ ಬಂಕಿನವರಿಗೆ ರಕ್ಷಣೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಕ್ಷಣೆಯ ಹೊರೆ ಬೀಳುತ್ತಿರುವುದು ಖಾತೆಯಲ್ಲಿ ಕಡಿಮೆ ದುಡ್ಡಿರುವವರ ಮೇಲೆ. ಐದು ಸಾವಿರ ಡಾಲರ್ ಇರುವವನಿಗೆ 175 ತಡೆಹಿಡಿದದ್ದು ಗೊತ್ತೂ ಆಗುವುದಿಲ್ಲ, 210 ಇರುವ ವಿದ್ಯಾರ್ಥಿಗೆ ಅದು ಆ ವಾರದ ಊಟ. ಎಷ್ಟು ಹಿಡಿಯುತ್ತೇವೆ, ಯಾವಾಗ ಬಿಡುತ್ತೇವೆ ಎಂಬುದನ್ನು ಕಾರ್ಡ್ ಹಾಕುವ ಮೊದಲು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿ, ‘ಒಪ್ಪಿಗೆಯೇ’ ಎಂದು ಕೇಳುವುದು ಬಂಕಿನವರಿಗೆ ಕಷ್ಟದ ಕೆಲಸವಲ್ಲ. ಹಾಗೆಯೇ ಇಲ್ಲಿ ಫಾರೆಕ್ಸ್ ಕಾರ್ಡ್ ಮಾರುವ ಬ್ಯಾಂಕಿನವರು ತಂದೆತಾಯಿಗಳಿಗೆ ಇದನ್ನು ಬಾಯಿಬಿಟ್ಟು ಹೇಳಿ ಕಳಿಸಬೇಕು. ನಿಯಮಪತ್ರದ ಯಾವುದೋ ಪುಟದಲ್ಲಿ ಅಚ್ಚು ಹಾಕಿದರೆ ಹೇಳಿದಂತಾಗುವುದಿಲ್ಲ.

ಅದು ಆಗುವವರೆಗೆ ಮಗನಿಗೆ ಮೂರು ಮಾತು ಹೇಳಿ. ಫಾರೆಕ್ಸ್ ಕಾರ್ಡನ್ನು ಪಂಪಿಗೆ ಹಾಕಬೇಡ, ಒಳಗೆ ಹೋಗಿ ಮೊತ್ತ ಹೇಳಿ ಕೊಡು. ರಸೀದಿಯನ್ನು ದುಡ್ಡು ಮುರಿಯುವವರೆಗೆ ಎಸೆಯಬೇಡ. ಒಂದೇ ಕಾರ್ಡನ್ನು ನಂಬಿಕೊಂಡು ಊರು ಬಿಟ್ಟು ಹೋಗಬೇಡ, ಜೇಬಿನಲ್ಲಿ ಐವತ್ತು ಡಾಲರ್ ನಗದು ಇರಲಿ. ಸದ್ಯಕ್ಕೆ ನೀವು ಕಾರ್ಡಿಗೆ ಇನ್ನೊಂದಿಷ್ಟು ಡಾಲರ್ ತುಂಬಿಸಿದರೆ ಅವನ ಈ ವಾರದ ದಿನಸಿಗೆ ತೊಂದರೆಯಾಗದು. ತಡೆಹಿಡಿದ 142 ಡಾಲರ್ ಅವನದೇ, ಅದು ಬಂದೇ ಬರುತ್ತದೆ.